ಮೃತ್ಯುಪತ್ರದಲ್ಲಿ ಊರಿಗೊಂದು ಪಾಲು

(ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ರೈತರು ಹಾಗೂ ವಿದ್ಯಾರ್ಥಿಗಳು ಹಾನಗಲ್ಲಿನಲ್ಲಿ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೃಷಿ ವಿಜ್ಞಾನದವರನ್ನು ಸಭೆಗೆ ಕರೆದರೆ ಮಣ್ಣು, ಬೀಜ, ರೋಗ, ಗೊಬ್ಬರ ಇವುಗಳ ಬಗ್ಗೆ ಮಾತನಾಡುತ್ತಾರೆಂದು ತಾವು ನಿರೀಕ್ಷಿಸುವುದು ಸಹಜ. ಇಪ್ಪತ್ತು ವರ್ಷಗಳಿಂದ ನಾನು ಅದನ್ನೇ ಮಾಡುತ್ತ ಬಂದಿದ್ದೇನೆ. ಇಂದು ಮಾತ್ರ ಒಂದು ಕಾಗದದ ಬಗ್ಗೆ ಮಾತನಾಡಲು ಅಪ್ಪಣೆ ಬೇಡುತ್ತೇನೆ. ಮೈಸೂರು ಸೀಮೆಯವರು ಅದನ್ನು ಉಯಿಲು ಎನ್ನುತ್ತಾರೆ. ನಮ್ಮ ಧಾರವಾಡ, ಹಾವೇರಿ ಕಡೆ ಅದಕ್ಕೆ ಮೃತ್ಯುಪತ್ರವೆಂದು ಹೆಸರು. ಹೆಸರಿನಲ್ಲಿಯೇ ಮೃತ್ಯು ಇರುವುದರಿಂದಲೋ ಏನೋ, ಮನೆಯ ಪಡಸಾಲೆಯಲ್ಲಿ ಈ ಮಾತು ಎತ್ತಿದ ಕೂಡಲೇ "ಬಿಡ್ರಿ, ಆ ಅಪಶಕುನದ ಮಾತು ಈಗ್ಯಾಕ?" ಎಂದು ಹಿರಿಯರು ಎದ್ದು ಹೋಗುತ್ತಾರೆ. ಇದು ನಾನೇ ಕಂಡ ಸಂಗತಿ.

ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಒಂದು ಮಾವಿನ ತೋಪು ಕಾರಣ. ಇದೇ ತಾಲ್ಲೂಕಿನ ಒಂದು ಹಳ್ಳಿ. ಹೆಸರು ಬೇಡ. ಕೆರೆಗೆ ನೀರು ತರುವ ಹಳ್ಳದ ದಂಡೆಯ ಮೇಲೆ ಒಬ್ಬ ಹಿರಿಯ ರೈತರ ಎರಡು ಎಕರೆ ತೋಪಿತ್ತು. ಇಪ್ಪತ್ತಮೂರು ಗಿಡಗಳು, ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುವುದಲ್ಲವೇ. ಅವುಗಳಲ್ಲಿ ಆರು ಉಪ್ಪಿನಕಾಯಿಗೆಂದೇ ಹೆಸರಾದ ನಾಟಿ ಮಾವು. ಕಸಿ ಕಟ್ಟಿದ್ದಲ್ಲ, ಓಟೆಯಿಂದ ಎದ್ದದ್ದು. ಮಿಡಿಗಾಯಿಯ ಸೊನೆಯ ವಾಸನೆಯಿಂದಲೇ ಊರ ಹೆಂಗಸರು ಆ ಗಿಡಗಳನ್ನು ಕಣ್ಣುಮುಚ್ಚಿ ಗುರುತಿಸುತ್ತಿದ್ದರು. ಎಲೆ, ಕಾಯಿಗಳ ಮಾದರಿ ತರಲು ಮೂರು ಬೇಸಿಗೆ ನಾನು ಅಲ್ಲಿಗೆ ಹೋಗಿದ್ದೆ. ಮೂರನೆಯ ಬೇಸಿಗೆಯಲ್ಲಿ ಆ ಅಜ್ಜ ಕಟ್ಟೆಯ ಮೇಲೆ ಕೂತು ಹೇಳಿದರು: "ಅಕ್ಕಾರ, ನಾ ಹೋದಮ್ಯಾಲೆ ಈ ತೋಪು ಊರಿಗೆ ಇರ್ಲಿ. ಸಾಲಿ ಹುಡುಗ್ರು ತಿನ್ಲಿ. ಹಳ್ಳದ ದಂಡಿ ಯಾರೂ ಮುಟ್ಟಬಾರ್ದು. ಎಲ್ಲಾರಿಗೂ ಹೇಳೀನಿ." ನಾನು ತಲೆಯಾಡಿಸಿದೆ, ಚಹಾ ಕುಡಿದೆ, ಮಾದರಿಗಳನ್ನು ಚೀಲಕ್ಕೆ ತುಂಬಿಕೊಂಡು ಬಂದೆ. "ಬರೆದಿಡಿರಿ ಅಜ್ಜಾರ" ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.

ಅವರು ತೀರಿಕೊಂಡ ಮೇಲೆ ನಾಲ್ವರು ಮಕ್ಕಳಲ್ಲಿ ವಾಟ್ನಿಯಾಯಿತು. ತೋಪು ಹುಬ್ಬಳ್ಳಿಯಲ್ಲಿ ನೆಲೆಸಿದ ಮಗನ ಪಾಲಿಗೆ ಬಂತು. ಕಟ್ಟಿಗೆ ವ್ಯಾಪಾರಿಗೆ ಗಿಡ ಕೊಟ್ಟರು, ಜೆಸಿಬಿಯಿಂದ ನೆಲ ಸಮ ಮಾಡಿಸಿ ಗೋವಿನಜೋಳಕ್ಕೆ ಲಾವಣಿ ಹಾಕಿದರು. ಹಳ್ಳದ ದಂಡೆಯೂ ಆ ಸಮತಟ್ಟಿನಲ್ಲಿ ಸೇರಿಹೋಯಿತು. ನಾನು ಕೇಳಲು ಹೋದಾಗ ಆ ಮಗ ಒರಟಾಗಿ ಮಾತನಾಡಲಿಲ್ಲ. "ಅಪ್ಪಾರು ಹೇಳಿದ್ದು ನಮಗೇನೂ ಗೊತ್ತಿಲ್ರಿ. ಕಾಗದ ಏನರ ಐತೇನ್ರಿ?" ಎಂದಷ್ಟೇ ಕೇಳಿದರು. ಕಾಗದ ಇರಲಿಲ್ಲ. ಆ ಮಗನನ್ನು ದೂರುವ ಹಕ್ಕು ನನಗಿಲ್ಲ. ಸಾಲವಿತ್ತು, ಮಗಳ ಮದುವೆಯಿತ್ತು. ದೂರಬೇಕಾದರೆ ಮೂರು ಸಲ ಹೋಗಿಯೂ ಮಾತೆತ್ತದ ನನ್ನನ್ನೇ ದೂರಬೇಕು.

ಹಳ್ಳದ ದಂಡೆಗೆ ಏಕಿಷ್ಟು ಮಹತ್ವವೆಂದು ವಿದ್ಯಾರ್ಥಿಗಳು ಕೇಳಬಹುದು. ಲೆಕ್ಕ ಸರಳ. ಆ ಹಳ್ಳಕ್ಕೆ ನೂರು ಎಕರೆ ಇಳಿಜಾರಿನ ನೀರು ಬರುತ್ತದೆ ಎಂದಿಟ್ಟುಕೊಳ್ಳಿ. ಒಂದು ದೊಡ್ಡ ಮಳೆಯಲ್ಲಿ ಆ ನೂರು ಎಕರೆಯಿಂದ ಕೇವಲ 10 ಮಿಲಿಮೀಟರಿನಷ್ಟು ನೀರು ಹರಿದು ಬಂದರೂ ಅದು 40 ಲಕ್ಷ ಲೀಟರು. ಈ ನೀರು ಕೆರೆ ಸೇರಬೇಕಾದರೆ ದಾರಿ ಬೇಕು. ಆ ದಾರಿ ಹತ್ತು ಗುಂಟೆಯೂ ಇರಲಾರದು. ಆ ಹತ್ತು ಗುಂಟೆ ಮುಚ್ಚಿದರೆ, ಕೆರೆಯ ಹೂಳೆತ್ತಲು ಸರ್ಕಾರ ಎಷ್ಟು ಲಕ್ಷ ಸುರಿದರೂ ಹೂಳಿಲ್ಲದ ಒಣಕೆರೆ ಸಿಗುತ್ತದೆ. ಊರಿಗೆ ಜಮೀನು ಬಿಡುವುದೆಂದರೆ ಹತ್ತು ಎಕರೆ ಬಿಡಬೇಕಾಗಿಲ್ಲ, ಸರಿಯಾದ ಹತ್ತು ಗುಂಟೆ ಬಿಟ್ಟರೆ ಸಾಕೆಂದು ನಾನು ಹೇಳುವುದು ಇದರಿಂದಲೇ.

ನಮ್ಮ ಪೂರ್ವಿಕರು ಇದನ್ನು ಅರಿತಿದ್ದರು. ಈ ಊರು ಶಾಸನಗಳಲ್ಲಿ ಪಾನುಂಗಲ್ಲು. ಇಲ್ಲಿ ಕದಂಬರ ಒಂದು ಮನೆತನ ಆಳಿತು. ಆ ಕಾಲದ ತಾರಕೇಶ್ವರ ದೇವಾಲಯ ಕೂಗಳತೆಯಲ್ಲಿದೆ. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಪರಿಚಿತ. ಕೆರೆ ಕಟ್ಟಿಸಿ, ಏರಿ ದುರಸ್ತಿ ಮಾಡಿ, ಹೂಳು ಎತ್ತಿಸಿ ನೋಡಿಕೊಳ್ಳುವುದಕ್ಕೆಂದೇ ಬಿಟ್ಟ ಭೂಮಿಗೆ ಆ ಹೆಸರುಗಳು. ಅಂತಹ ಒಂದು ದಾನಶಾಸನವನ್ನು ವಕೀಲರ ಕಣ್ಣಿನಿಂದ ಓದಿ ನೋಡಿ. ಕೊಟ್ಟವರು ಯಾರು, ಯಾರ ಕೈಗೆ ಕೊಟ್ಟರು, ಯಾವ ಕೆಲಸಕ್ಕೆ ಕೊಟ್ಟರು, ಮೂಡಣಕ್ಕೆ ಯಾವ ಕಲ್ಲು, ಪಡುವಣಕ್ಕೆ ಯಾವ ಹಳ್ಳ, ಎಲ್ಲವೂ ಅದರಲ್ಲಿದೆ. ಓದು ಬಾರದವರಿಗೆ ತಿಳಿಯಲೆಂದು ಮೇಲೆ ಸೂರ್ಯ, ಚಂದ್ರ, ಹಸು, ಕರು. ಕೊನೆಯಲ್ಲಿ, ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುವನೆಂಬ ಶಾಪ. ಅಂದಿನ ಕಾನೂನಿನ ದಂಡಸಂಹಿತೆ ಅದೇ ಎಂದರೂ ತಪ್ಪಿಲ್ಲ. ಇವು ಬದುಕಿದ್ದಾಗಲೇ ಮಾಡಿದ ದಾನಗಳು, ಮೃತ್ಯುಪತ್ರಗಳಲ್ಲ. ಆದರೆ ಬಾಯಿಮಾತು ಮನುಷ್ಯನ ಜೊತೆಗೇ ಮಣ್ಣಾಗುತ್ತದೆಂದು ಬಲ್ಲವರು ಮಾತ್ರ ಇಷ್ಟು ಕಷ್ಟಪಟ್ಟು ಕಲ್ಲಿನಲ್ಲಿ ಕೊರೆಸುತ್ತಾರೆ.

ಹಿರೇಕೆರೂರಿನಿಂದ ಬಂದವರು ಮದಗ ಮಾಸೂರಿನ ಕೆರೆಯನ್ನು ನೋಡಿದ್ದೀರಿ. ಎರಡು ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಆ ಏರಿಯ ಮೇಲೆ ನಿಂತಾಗಲೆಲ್ಲ, ಇದನ್ನು ಕಟ್ಟಿದವರಿಗಿಂತ ಕಟ್ಟಿದ ಮೇಲೆ ಕಾಯಬೇಕಾದವರ ಬಗ್ಗೆ ನಾನು ಹೆಚ್ಚು ಯೋಚಿಸುತ್ತೇನೆ. ಸವಣೂರಿನ ಮಿತ್ರರಿಗೆ ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಮರಗಳು ಗೊತ್ತು. ಆಫ್ರಿಕಾ ಮೂಲದ ಆ ದೈತ್ಯ ಮರಗಳು ಇಷ್ಟು ಶತಮಾನ ಉಳಿದದ್ದು ಹೇಗೆ? ನನ್ನ ಉತ್ತರ ಸಸ್ಯಶಾಸ್ತ್ರದ್ದಲ್ಲ. ಅವು ಒಬ್ಬ ವ್ಯಕ್ತಿಯ ಹೊಲದಲ್ಲಿರಲಿಲ್ಲ. ವ್ಯಕ್ತಿ ಸಾಯುತ್ತಾನೆ, ಹೊಲ ಹಂಚಿಹೋಗುತ್ತದೆ. ಮಠ ಸಾಯುವುದಿಲ್ಲ, ಅಂಗಳ ಹಂಚಿಹೋಗುವುದಿಲ್ಲ. 2023ರ ಮಳೆಗಾಲದಲ್ಲಿ ಒಂದು ಮರ ಬುಡಸಹಿತ ಉರುಳಿದಾಗ ಅದನ್ನು ಮತ್ತೆ ಎತ್ತಿ ನೆಡುವ ಪ್ರಯತ್ನ ನಡೆದದ್ದೂ ಅದಕ್ಕೊಂದು ಮನೆತನದಂತಹ ಆಸರೆ ಇದ್ದುದರಿಂದ.

ಮೃತ್ಯುಪತ್ರವೆಂಬ ಕಾಗದದಿಂದಲೇ ನಾಡಿಗೆ ಮಹದುಪಕಾರವಾದ ಉದಾಹರಣೆಯನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಶಿಗ್ಗಾವಿ, ಸವಣೂರಿನ ಸೀಮೆಗೆ ಹತ್ತಿರದಲ್ಲಿ, ಈಗ ಗದಗ ಜಿಲ್ಲೆಗೆ ಸೇರಿದ ಶಿಗ್ಲಿ ಎಂಬ ಊರಿದೆ. 1861ರಲ್ಲಿ ಅಲ್ಲಿ ಹುಟ್ಟಿದ ರಾಮಪ್ಪನೆಂಬ ಬಾಲಕ ಶಿರಸಂಗಿಯ ದೇಸಾಯರ ಮನೆತನಕ್ಕೆ ದತ್ತು ಹೋಗಿ ಲಿಂಗರಾಜನಾದ. ತ್ಯಾಗವೀರ ಶಿರಸಂಗಿ ಲಿಂಗರಾಜ ದೇಸಾಯಿ ಎಂದು ನಾವು ಗೌರವಿಸುವವರು ಅವರೇ. ನಮ್ಮ ಹಾನಗಲ್ಲಿನ ಕುಮಾರ ಸ್ವಾಮಿಗಳ ಪ್ರಯತ್ನದಿಂದ 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರೂ ಅವರೇ. 1906ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ ತೀರಿಕೊಂಡರು. ಅಂದರೆ ನನ್ನ ವಯಸ್ಸಿನವರು.

ದತ್ತು ಪದ್ಧತಿಯಿಂದಲೇ ಸಂಸ್ಥಾನ ಪಡೆದ ಮನುಷ್ಯ ತಮ್ಮ ನಂತರವೂ ಒಬ್ಬ ದತ್ತುಮಗನಿಗೆ ಅದನ್ನು ದಾಟಿಸಿ ಸುಮ್ಮನಾಗಬಹುದಿತ್ತು. ಎಲ್ಲ ದೇಸಗತಿಗಳಲ್ಲಿ ನಡೆಯುತ್ತಿದ್ದುದು ಅದೇ. ಅವರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಅದರಿಂದ ನವಲಗುಂದ–ಶಿರಸಂಗಿ ಟ್ರಸ್ಟ್ ಹುಟ್ಟಿತು. ಭತ್ತ, ಜೋಳ ಬೆಳೆಯುವ ಮನೆಗಳ ಹುಡುಗರು ಅದರ ವಿದ್ಯಾರ್ಥಿವೇತನದಿಂದ ಮುಂಬಯಿ, ಪುಣೆಯ ಕಾಲೇಜು ಮೆಟ್ಟಿಲು ಹತ್ತಿದರು. 1933ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರಿದೆ. ಆ ನೆರವು ಒಂದು ಸಮಾಜದ ಮಕ್ಕಳಿಗೆ ಮೀಸಲಾಗಿತ್ತು. ಇಂದು ಬರೆಯುವವರು ಇನ್ನೂ ಅಗಲವಾಗಿ ಯೋಚಿಸಲೆಂಬುದು ನನ್ನ ಅಭಿಪ್ರಾಯ. ಆದರೂ ಮಣ್ಣಿನ ಆದಾಯವನ್ನು ಮಕ್ಕಳ ಅಕ್ಷರಕ್ಕೆ ತಿರುಗಿಸಿದ ಆ ಕಾಗದ ನೂರು ವರ್ಷ ದಾಟಿದೆ. ಬಾಯಿಮಾತಾಗಿದ್ದರೆ ನೂರು ದಿನ ದಾಟುತ್ತಿತ್ತೇ?

ಗುಡ್ಡಗಾಡಿನವರಿಗೆ ಹತ್ತಿರವಾದ ಇನ್ನೊಂದು ಸಂಗತಿ ಇಂಗ್ಲೆಂಡಿನದು. ಬಿಯಾಟ್ರಿಕ್ಸ್ ಪಾಟರ್ ಎಂಬ ಮಹಿಳೆ ಮೊಲಗಳ ಕಥೆ ಬರೆದು ಮಕ್ಕಳಿಗೆ ಪರಿಚಿತರಾದವರು. ಪುಸ್ತಕದ ಹಣದಿಂದ ಸರೋವರಗಳ ಗುಡ್ಡಸೀಮೆಯಲ್ಲಿ ಒಂದೊಂದೇ ಹೊಲಮನೆ ಕೊಂಡು ಕುರಿ ಸಾಕಿದರು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ನೆಲವನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟಿದ್ದರು. ನೆಲ ಬಿಟ್ಟದ್ದಷ್ಟೇ ಅಲ್ಲ, ಆ ಗುಡ್ಡದ ಹರ್ಡ್‌ವಿಕ್ ಎಂಬ ನಾಟಿ ಕುರಿತಳಿಯನ್ನೇ ಅಲ್ಲಿ ಸಾಕುತ್ತಿರಬೇಕೆಂದು ಅವರ ಇಚ್ಛೆಯಿತ್ತು. ತಳಿ ಉಳಿಸುವ ಕೆಲಸ ಪ್ರಯೋಗಾಲಯದಲ್ಲಿ ಮಾತ್ರ ಆಗುತ್ತದೆಂದು ನಂಬಿದ್ದ ನನ್ನಂಥವರಿಗೆ ಆ ಇಚ್ಛೆ ಒಂದು ಪಾಠ. ಆರು ನಾಟಿ ಮಾವಿನ ಗಿಡ ನೆನಪಾಗದೆ ಹೇಗೆ ಇರುತ್ತದೆ?

ಇನ್ನು ಬರೆಯುವ ಬಗೆ. ನಾನು ವಕೀಲಳಲ್ಲ, ಆದರೆ ಆ ತೋಪಿನ ನಂತರ ಕಲಿಯಬೇಕಾಯಿತು. ಮೃತ್ಯುಪತ್ರಕ್ಕೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಬರೆಯುವವರ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ, ಇಷ್ಟು ಕಡ್ಡಾಯ. ನೋಂದಣಿ ಕಡ್ಡಾಯವಲ್ಲ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಜಗಳ ಕಡಿಮೆ. ಬದುಕಿರುವ ತನಕ ಎಷ್ಟು ಸಲವಾದರೂ ಬದಲಿಸಬಹುದು, ಕೊನೆಯದೇ ನಿಲ್ಲುತ್ತದೆ. ದಾನಪತ್ರ ಹಾಗಲ್ಲ, ಅದು ಬರೆದ ದಿನವೇ ಆಸ್ತಿಯನ್ನು ಕೈಯಿಂದ ಬಿಡಿಸುತ್ತದೆ. ವಯಸ್ಸಾದವರು ಯಾವುದೋ ಭಾಷಣ ಕೇಳಿ, ಇಂದಿನ ನನ್ನ ಭಾಷಣವೂ ಸೇರಿದಂತೆ, ಭಾವಾವೇಶದಲ್ಲಿ ದಾನಪತ್ರಕ್ಕೆ ಸಹಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ತಾವು ಉಣ್ಣುವ ತಟ್ಟೆಯನ್ನು ತಾವು ಇರುವ ತನಕ ತಮ್ಮ ಮುಂದೆಯೇ ಇಟ್ಟುಕೊಳ್ಳಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ನಮ್ಮ ಹಿರಿಯರಿಗೆ "ಧರ್ಮಕ್ಕೆ ಬಿಟ್ಟೀನಿ" ಎನ್ನುವುದು ರೂಢಿ. ಕೇಳಲು ಎಷ್ಟು ಚೆನ್ನ! ಆದರೆ 1899ರಲ್ಲಿ ಮುಂಬಯಿ ಪ್ರಾಂತದ ಒಂದು ವ್ಯಾಜ್ಯದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದೇ ಮಾತನ್ನು ಪರಿಶೀಲಿಸಿತು. ನಮ್ಮ ಧಾರವಾಡ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು. 'ಧರ್ಮ' ಎಂಬ ಮಾತಿಗೆ ಖಚಿತ ಅರ್ಥವಿಲ್ಲ, ಆದ್ದರಿಂದ ಬರಿಯ ಧರ್ಮಕ್ಕೆಂದು ಬಿಟ್ಟ ಆಸ್ತಿಯ ಬರಹ ಅಸಿಂಧು ಎಂದು ತೀರ್ಮಾನವಾಯಿತು. ಆದಕಾರಣ ಧರ್ಮಕ್ಕೆ ಎನ್ನಬೇಡಿ. ಇಂತಹ ಊರಿನ ಇಂತಹ ಶಾಲೆಯ ಮಕ್ಕಳ ಪುಸ್ತಕಕ್ಕೆ ಎನ್ನಿ. ಇಷ್ಟನೆಯ ಸರ್ವೆ ನಂಬರಿನ, ಹಳ್ಳದ ಬದಿಯ ಇಷ್ಟು ಗುಂಟೆ ಎನ್ನಿ, ಚಕ್ಕುಬಂದಿ ಬರೆಯಿರಿ. ಪಡೆಯುವವರು ಆಸ್ತಿ ಹೊಂದಲು ಅಧಿಕಾರವಿರುವ ಸಂಸ್ಥೆಯಾಗಿರಬೇಕು. ನೋಂದಾಯಿತ ಟ್ರಸ್ಟು, ಸಂಘ, ಗ್ರಾಮ ಪಂಚಾಯಿತಿ ಆದೀತು; ಊರ ಯುವಕರ ಗುಂಪು ಎಷ್ಟೇ ಒಳ್ಳೆಯದಿದ್ದರೂ ನೋಂದಣಿ ಇಲ್ಲದಿದ್ದರೆ ತೊಡಕು. ಆ ಸಂಸ್ಥೆ ಮುಚ್ಚಿಹೋದರೆ ಯಾರಿಗೆ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಬರೆದದ್ದನ್ನು ನಡೆಸಿಕೊಡುವ ಒಬ್ಬ ನಂಬಿಕಸ್ಥರನ್ನು ನೇಮಿಸಿ. ಮುಖ್ಯವಾಗಿ, ಬರೆಯುವ ಮುಂಚೆ ಆ ಸಂಸ್ಥೆಯನ್ನು ಕೇಳಿ. ಅವರ ಲೆಕ್ಕಪತ್ರ ತೋರಿಸಲು ಹೇಳಿ. ನಮ್ಮ ಬಳಗವನ್ನೂ ಹಾಗೆಯೇ ಕೇಳಬೇಕು. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರಿಗೆ ಒಂದು ಗುಂಟೆಯನ್ನೂ ಬಿಡಬೇಡಿ.

ಸಾಗುವಳಿ ಜಮೀನಿನ ವಿಷಯದಲ್ಲಿ ಎಚ್ಚರ ಬೇಕು. ಧರ್ಮಾರ್ಥ ಸಂಸ್ಥೆಗಳು ಕೃಷಿಭೂಮಿ ಹೊಂದುವುದನ್ನು ನಮ್ಮ ಭೂಸುಧಾರಣಾ ಕಾಯ್ದೆಯ 79 ಬಿ ಕಲಮು ಬಹುಕಾಲ ತಡೆದಿತ್ತು. 2020ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಆದರೂ ಸರ್ಕಾರದಿಂದ ಮಂಜೂರಾದ ಜಮೀನು, ಗೇಣಿ ಹಕ್ಕಿನಿಂದ ಬಂದ ಜಮೀನು ಇವುಗಳಿಗೆ ಬೇರೆಯೇ ಷರತ್ತುಗಳಿರುತ್ತವೆ. ಬರೆಯುವ ದಿನದ ಕಾಯ್ದೆ ಏನೆಂದು ವಕೀಲರಲ್ಲಿ ಕೇಳಿಯೇ ಬರೆಯಿರಿ. ಸೊಸೈಟಿಯ ಸಾಲ ಉತಾರದಲ್ಲಿ ಬೋಜಾ ಇದ್ದರೆ ಆ ಸಾಲವೂ ಜಮೀನಿನ ಜೊತೆಗೇ ಸಾಗುತ್ತದೆ. ದಾನವೆಂದು ಸಾಲ ಕೊಟ್ಟಂತಾದೀತು.

ಯಾವುದನ್ನು ಬಿಡಬಹುದು? ಹಿಂದೂ ಕುಟುಂಬಗಳಲ್ಲಿ ಸ್ವಂತ ಗಳಿಕೆಯನ್ನು ಪೂರ್ತಿ, ಒಟ್ಟು ಮನೆತನದ ಆಸ್ತಿಯಲ್ಲಿ ತಮ್ಮ ಪಾಲನ್ನು ಮಾತ್ರ. ಮುಸಲ್ಮಾನ ಬಂಧುಗಳ ಕಾನೂನಿನಲ್ಲಿ, ವಾರಸುದಾರರ ಒಪ್ಪಿಗೆ ಇಲ್ಲದಿದ್ದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಹೀಗೆ ಬಿಡುವಂತಿಲ್ಲ. ಆ ಮೂರನೆಯ ಒಂದರ ಮಿತಿ ನನಗೆ ಬಹಳ ವಿವೇಕದ್ದೆಂದು ತೋರುತ್ತದೆ. ಕಾನೂನು ಕೇಳದಿದ್ದರೂ ಎಲ್ಲರೂ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು. ಏಕೆಂದರೆ, ಊರಿಗೆ ಬಿಡುವ ಹುಮ್ಮಸ್ಸಿನಲ್ಲಿ ಮನೆಯ ಹೆಂಗಸರ ಪಾಲು ಕರಗಿದ್ದನ್ನೂ ನಾನು ಕಂಡಿದ್ದೇನೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲಿಯೂ ದೇಶಕ್ಕೆ 2005ರಲ್ಲಿಯೂ ಬಂತು. ಮಗಳಿಗೆ ಕೊಡುವುದನ್ನು ತಪ್ಪಿಸಲು ಗುಡಿಗೆ ಬರೆದರೆ ಅದು ದಾನವಲ್ಲ, ಜಾಣತನ. ಮೊದಲು ಹೆಂಡತಿಯ ವಾಸದ ಮನೆ, ಅವಳ ಊಟ, ಔಷಧಿಯ ಖರ್ಚು, ಹೆಣ್ಣು ಗಂಡು ಮಕ್ಕಳ ಪಾಲು, ಕೊನೆಗಾಲದಲ್ಲಿ ತಮ್ಮ ಸೇವೆ ಮಾಡಿದವರ ಋಣ, ಆಮೇಲೆ ಊರು. ಹೆಂಡತಿ ಇರುವ ತನಕ ಅವಳು ಅನುಭವಿಸಲಿ, ಅವಳ ನಂತರ ಇಂತಹ ಕೆಲಸಕ್ಕೆ ಸಲ್ಲಲಿ ಎಂದು ಬರೆಯಲೂ ಬರುತ್ತದೆ. ಬರೆದದ್ದನ್ನು ಮಕ್ಕಳನ್ನು ಕೂರಿಸಿಕೊಂಡು ಓದಿ ಹೇಳಿ. ಸತ್ತ ಮೇಲೆ ಗೊತ್ತಾಗುವ ದಾನಕ್ಕೆ ಮಕ್ಕಳು ಸಿಟ್ಟಾಗುವುದು ಸಹಜ. ಮೊದಲೇ ಕೇಳಿದ್ದರೆ ಅವರೇ ಕಾವಲು ನಿಲ್ಲುತ್ತಾರೆ.

ಜಮೀನಿಲ್ಲದವರೂ ಇಲ್ಲಿ ಇದ್ದೀರಿ. ನಮ್ಮ ಮಲೆನಾಡಿನ ಊರಿನಲ್ಲಿ ಒಬ್ಬ ಅಜ್ಜಿ ಇದ್ದರು. ಹಾಲು ಮಾರಿ ಉಳಿಸಿದ ನಲವತ್ತು ಸಾವಿರ ರೂಪಾಯಿಯ ಠೇವಣಿಯೊಂದೇ ಅವರ ಆಸ್ತಿ. ಅದರ ಬಡ್ಡಿಯಿಂದ ಪ್ರತಿ ವರ್ಷ ಯುಗಾದಿಯ ಮೊದಲು ಕೇರಿಯ ಸೇದುವ ಬಾವಿಯ ಹೂಳು ತೆಗೆಸಬೇಕೆಂದು ಬರೆಸಿ, ಹಾಲಿನ ಸಂಘಕ್ಕೆ ಬಿಟ್ಟರು. ಬಡ್ಡಿ ವರ್ಷಕ್ಕೆ ಎರಡೂವರೆ ಸಾವಿರದ ಆಸುಪಾಸು. ಸಾಲದಿದ್ದಾಗ ಕೇರಿಯವರು ಕೈಯಿಂದ ಹಾಕಿ ಕೆಲಸ ಮುಗಿಸುತ್ತಾರೆ. ಅಜ್ಜಿಯ ಹಣ ಇಲ್ಲದಿದ್ದರೆ ಆ ಕೈಗಳು ಏಳುತ್ತಿರಲಿಲ್ಲ. ಠೇವಣಿಗೆ ನಾಮಿನಿ ಹಾಕಿದ್ದೇವೆ, ಅಷ್ಟು ಸಾಕೆಂದು ಹಲವರು ತಿಳಿದಿದ್ದಾರೆ. ಬ್ಯಾಂಕಿನಿಂದ ಹಣ ಪಡೆದುಕೊಳ್ಳುವುದಷ್ಟೇ ನಾಮಿನಿಯ ಕೆಲಸ. ಒಡೆತನ ವಾರಸುದಾರರದು ಅಥವಾ ಮೃತ್ಯುಪತ್ರದಲ್ಲಿ ಹೆಸರಿಸಿದವರದು. ಆ ಅಜ್ಜಿಗೆ ಇದನ್ನು ಯಾರೋ ಸರಿಯಾಗಿ ತಿಳಿಸಿಕೊಟ್ಟಿದ್ದರು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮ ಊರಿನ ಕೆರೆಗೆ ನೀರು ಬರುವ ಹಳ್ಳಗಳನ್ನು ನಡೆದು ನೋಡಿ, ದಂಡೆಯ ಸರ್ವೆ ನಂಬರುಗಳನ್ನು ಪಟ್ಟಿ ಮಾಡಿ. ನಾಟಿ ಮಾವು, ಹುಣಸೆ, ನೇರಳೆ, ಆಲ ಎಲ್ಲೆಲ್ಲಿ ಯಾರ ಹೊಲದಲ್ಲಿವೆ ಎಂದು ಬರೆದುಕೊಳ್ಳಿ. ಆ ಹೊಲಗಳ ಒಡೆಯರಲ್ಲಿ ಎಪ್ಪತ್ತು ದಾಟಿದವರ ಬಳಿ ಹೋಗಿ ಕೂತುಕೊಳ್ಳಿ. ಮೊದಲ ದಿನವೇ ಮೃತ್ಯುಪತ್ರದ ಮಾತು ಬೇಡ. ಗಿಡ ನೆಟ್ಟವರು ಯಾರೆಂದು ಕೇಳಿ. ಅವರೇ ಮುಂದಿನ ಮಾತಿಗೆ ಬರುತ್ತಾರೆ. ಬಂದಾಗ ನನ್ನ ಹಾಗೆ ತಲೆಯಾಡಿಸಿ ಚಹಾ ಕುಡಿದು ಎದ್ದು ಬರಬೇಡಿ.

ನನ್ನದನ್ನು ನಾನು ಬರೆದಿದ್ದೇನೆ, ಎರಡು ಸಲ ತಿದ್ದಿದ್ದೂ ಆಗಿದೆ. ಮನೆ, ತೋಟ ಮಗಳಿಗೆ. ತೋಟದ ಮೇಲ್ಬದಿಯ ಅರ್ಧ ಎಕರೆ, ಬೀಜಕ್ಕೆಂದು ಉಳಿಸಿದ ಮಿಡಿಮಾವಿನ ಗಿಡಗಳ ಜಾಗ, ನಮ್ಮೂರ ಪಂಚಾಯಿತಿಗೆ. ಕಸಿಕಡ್ಡಿ ಬೇಕೆಂದು ಬಂದ ಯಾರಿಗೂ ಇಲ್ಲವೆನ್ನಬಾರದೆಂದು ಬರೆದಿದ್ದೆ. ಮಗಳು ಓದಿ, "ವರ್ಷಕ್ಕೆ ಎಷ್ಟು ಕಡ್ಡಿ ಅಂತ ಬರೆಯಮ್ಮ, ಇಲ್ಲದಿದ್ದರೆ ಗಿಡ ಬೋಳಾಗುತ್ತದೆ" ಎಂದಳು. ಮೂರನೆಯ ತಿದ್ದುಪಡಿ ಅದಕ್ಕಾಗಿ ಬಾಕಿಯಿದೆ.

ಚಹಾ ಆದ ಮೇಲೆ ವಕೀಲ ಮಿತ್ರರು ಪಡಸಾಲೆಯಲ್ಲಿ ಸಂಜೆಯ ತನಕ ಕೂತಿರುತ್ತಾರೆ, ಫೀಜು ಇಲ್ಲ. ಉತಾರ, ವಂಶಾವಳಿ ತಂದವರು ಮೊದಲು ಬನ್ನಿ. ತರದವರು ಪಕ್ಕದಲ್ಲಿ ಕೂತು ಕೇಳಬಹುದು; ಸಾಕ್ಷಿಗೆ ಹೇಗೂ ಇಬ್ಬರು ಬೇಕು.